ಓದುಗರ ಪ್ರಶ್ನೆ, ಹಿತ್ತಲಿನ ಉತ್ತರ: ‘ಸುಗಂಧರಾಜಕ್ಕೆ ಬರೀ ಎಲೆ, ಹೂವೇ ಇಲ್ಲ!’

ಕಳೆದ ಸಂಚಿಕೆಯಲ್ಲಿ ಸುಗಂಧರಾಜದ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಬೇರೆ ಗಿಡಗಳಿಗೆಲ್ಲ ರಜೆ. ಹೊಸ ಓದುಗರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ತೋಟಗಾರಿಕೆ ಓದಿದವನಲ್ಲ. ಹಟ್ಟಿ ಚಿನ್ನದ ಗಣಿಯಲ್ಲಿ 29 ವರ್ಷ ಪಾಳಿ ಕೆಲಸ ಮಾಡಿದವನು. ಈಗ ಲಿಂಗಸುಗೂರಿನಲ್ಲಿ ಮನೆ, ಮನೆ ಹಿಂದೆ ಇಪ್ಪತ್ತು ಅಡಿ ಉದ್ದದ ಹಿತ್ತಲು. ಇಲ್ಲಿ ಹೇಳುವುದೆಲ್ಲ ಆ ಹಿತ್ತಲಿನಲ್ಲಿ, ಅದಕ್ಕೂ ಮುಂಚೆ ಬಾಡಿಗೆ ಮನೆಗಳ ಅಂಗಳದಲ್ಲಿ, ಗಿಡ ಕೊಂದು ಕೊಂದು ಕಲಿತದ್ದು.

ಪ್ರಶ್ನೆ (ಸಿಂಧನೂರು): ನಾಲ್ಕು ವರ್ಷದ ಹಿಂದೆ ಹತ್ತು ಗಡ್ಡೆ ನೆಟ್ಟೆ. ಮೊದಲ ವರ್ಷ ಹೂವೋ ಹೂವು. ಎರಡನೇ ವರ್ಷವೂ ಪರವಾಗಿಲ್ಲ. ಈಗ ಹುಲ್ಲಿನ ಪೊದೆಯ ಥರ ಎಲೆ ಮಾತ್ರ. ಯೂರಿಯಾ ಹಾಕಿದಷ್ಟೂ ಎಲೆ ಜಾಸ್ತಿ. ಕಿತ್ತು ಬಿಸಾಡಲೇ?

ಉತ್ತರ: ಕೀಳಿ, ಬಿಸಾಡಬೇಡಿ. ನಿಮ್ಮ ಗಿಡಕ್ಕೆ ರೋಗ ಏನೂ ಇಲ್ಲ. ಸಂಸಾರ ದೊಡ್ಡದಾಗಿದೆ, ಮನೆ ಸಾಲುತ್ತಿಲ್ಲ, ಅಷ್ಟೇ.

ಸುಗಂಧರಾಜದ ಒಂದು ಗಡ್ಡೆ ತನ್ನ ಜೀವಮಾನದಲ್ಲಿ ಒಂದೇ ಸಲ ಹೂ ಬಿಡುತ್ತದೆ. ಗಡ್ಡೆ ಮಾರುವವರು ಇದನ್ನು ಯಾಕೋ ಹೇಳುವುದೇ ಇಲ್ಲ. ಹೂಗೋಲು ಎತ್ತಿದ ಮೇಲೆ ಆ ತಾಯಿಗಡ್ಡೆಯ ಕೆಲಸ ಮುಗಿಯಿತು. ಆದರೆ ಅಷ್ಟರಲ್ಲಿ ಅದು ಸುತ್ತಲೂ ಮರಿ ಹಾಕಿರುತ್ತದೆ. ಮುಂದಿನ ಹೂ ಆ ಮರಿಗಳದ್ದು. ಹೊಲದ ಬದುವಿನ ಮೇಲೆ ಕತ್ತಾಳೆ ನೋಡಿದ್ದೀರಲ್ಲ? ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ. ಒಂದು ದಿನ ಕಂಬದ ಹಾಗೆ ಕೋಲು ಎತ್ತಿ, ಹೂ ಬಿಟ್ಟು, ಒಣಗಿ ಹೋಗುತ್ತದೆ. ಬುಡದಲ್ಲಿ ಮರಿಗಳು ಉಳಿಯುತ್ತವೆ. ಸುಗಂಧರಾಜವೂ ಅದೇ ಬಳಗ, ಅದೇ ಮೆಕ್ಸಿಕೋ ಕಡೆಯದು. ಸಸ್ಯಶಾಸ್ತ್ರದವರು ಈಗ ಇದನ್ನು ಕತ್ತಾಳೆಯ ಕುಲಕ್ಕೇ ಸೇರಿಸಿ ‘ಅಗೇವ್ ಅಮಿಕಾ’ ಎಂದು ಕರೆಯುತ್ತಾರೆ. ಮೊದಲ ಸಲ ಓದಿದಾಗ ನನಗೆ ನಗು ಬಂತು. ಮುಳ್ಳಿನ ಕತ್ತಾಳೆ ಎಲ್ಲಿ, ಮದುವೆ ಹಾರದ ಹೂ ಎಲ್ಲಿ! ಗಡ್ಡೆ ಕಿತ್ತು ನೋಡಿದ ಮೇಲೆ ನಂಬಿದೆ.

ನಾನೂ ನಿಮ್ಮ ಹಾಗೇ ಐದು ವರ್ಷ ಒಂದು ಬುಡ ಮುಟ್ಟದೆ ಬಿಟ್ಟಿದ್ದೆ. ಆಮೇಲೆ ಒಂದು ಮೇ ತಿಂಗಳು ಹಾರೆ ಹಾಕಿ ಎತ್ತಿದೆ. ಬುಟ್ಟಿಯಷ್ಟು ದಪ್ಪದ ಮಣ್ಣಿನ ಹೆಂಟೆ ಬಂತು. ಕಲ್ಲಿಗೆ ಕುಟ್ಟಿ ಮಣ್ಣು ಉದುರಿಸಿದರೆ ನಡುವೆ ತಾಯಿಗಡ್ಡೆಗಳು: ಕಂದು ಬಣ್ಣ, ಒಳಗೆ ಟೊಳ್ಳು, ಬೆರಳಲ್ಲಿ ಒತ್ತಿದರೆ ಹಳೇ ಈರುಳ್ಳಿ ಸಿಪ್ಪೆಯ ಹಾಗೆ ಮುರಿಯುತ್ತಿದ್ದವು. ಅದರ ಸುತ್ತ ಬೆಳ್ಳುಳ್ಳಿ ಎಸಳಿನ ಥರ ಒಂದಕ್ಕೊಂದು ಒತ್ತಿಕೊಂಡ ಮರಿಗಳು. ಜಾಗ ಇಲ್ಲದೆ ಕೆಲವು ಚಪ್ಪಟೆಯಾಗಿದ್ದವು, ಕೆಲವು ಒಂದರ ತಲೆ ಮೇಲೆ ಒಂದು ಹತ್ತಿ ಮಣ್ಣಿಂದ ಹೊರಗೇ ಇಣುಕುತ್ತಿದ್ದವು. ಎಣಿಸಿದೆ, 47 ಗಡ್ಡೆ. ಹೂ ಬಿಡುವ ಗಾತ್ರದ್ದು ಅದರಲ್ಲಿ ಆರೇ ಆರು. ಇನ್ನು ಗೊಬ್ಬರ ಹಾಕಿ ಏನು ಪ್ರಯೋಜನ, ಹೇಳಿ? ಅದರಲ್ಲೂ ಯೂರಿಯಾ ಎಲೆಯನ್ನೇ ಬೆಳೆಸುತ್ತದೆ. ಅದನ್ನು ಇವತ್ತೇ ನಿಲ್ಲಿಸಿ.

ಹೂ ಬಿಡುವ ಗಾತ್ರ ಎಂದರೆ ಎಷ್ಟು? ನನ್ನ ಅಳತೆ ಹತ್ತು ರೂಪಾಯಿ ನಾಣ್ಯ. ಅಂಗಡಿಯವರು ತಗೊಳ್ಳುವುದಿಲ್ಲ ಅಂತ ಎಲ್ಲರ ಮನೆ ಡಬ್ಬಿಯಲ್ಲೂ ಬಿದ್ದಿರುತ್ತದೆ ಅಲ್ವಾ? ಅದರ ಅಗಲ 27 ಮಿಲಿಮೀಟರ್. ಗಡ್ಡೆಯ ಹೊಟ್ಟೆ ಆ ನಾಣ್ಯದಷ್ಟು ಅಥವಾ ಅದಕ್ಕಿಂತ ತುಸು ಕಡಿಮೆ ಇದ್ದರೆ ಅದು ಈ ವರ್ಷದ ಹೂ. ಹುಣಸೆ ಬೀಜದಷ್ಟಿದ್ದರೆ ಇನ್ನೊಂದು ವರ್ಷ ಬರೀ ಎಲೆ ಬಿಟ್ಟು ಬೆಳೆಯಬೇಕು. ಎರಡನ್ನೂ ಬೇರೆ ಬೇರೆ ಮಡಿಯಲ್ಲಿ ನೆಡಿ. ಒಂದೇ ಕಡೆ ನೆಟ್ಟರೆ ಮತ್ತೆ ‘ಅರ್ಧ ಹೂ ಬರಲಿಲ್ಲ’ ಅಂತ ನನಗೇ ಪತ್ರ ಬರೆಯುತ್ತೀರಿ.

ಕೀಳುವ ಕಾಲದ ಬಗ್ಗೆ. ಫೆಬ್ರವರಿ, ಮಾರ್ಚ್‌ನಲ್ಲಿ ನೆಡಿ ಎಂದು ಹೇಳುವವರೂ ಇದ್ದಾರೆ. ನೆಟ್ಟ ಮೇಲೆ ಹೂವಿಗೆ 80ರಿಂದ 100 ದಿನ ಬೇಕು. ಲೆಕ್ಕ ಹಾಕಿ: ನಮ್ಮ ಕಡೆ ಹೂಗೋಲು ಬರುವುದು ಸರಿಯಾಗಿ ಮೇ ತಿಂಗಳ ಉರಿಯಲ್ಲಿ. 40 ಡಿಗ್ರಿ ದಾಟಿದರೆ ಕೋಲು ಗಿಡ್ಡವಾಗುತ್ತದೆ, ಹೂವೂ ಬಡಕಲು. ಅದಕ್ಕೇ ನಾನು ಉಲ್ಟಾ ಮಾಡುತ್ತೇನೆ. ಏಪ್ರಿಲ್ ಮಧ್ಯಕ್ಕೆ ನೀರು ನಿಲ್ಲಿಸುತ್ತೇನೆ. ಹೇಗೂ ನಿಮ್ಮ ಕಡೆ ಬೇಸಿಗೆಯಲ್ಲಿ ಕಾಲುವೆ ನೀರು ನಿಂತಿರುತ್ತದೆ. ಎಲೆ ಹಳದಿಯಾಗಿ ಬಾಗಿದ ಮೇಲೆ, ಮೇ ಮೊದಲ ವಾರ ಕಿತ್ತು, ಬಿಡಿಸಿ, ಹಳೇ ಬೇರು ಕತ್ತರಿಸಿ, ಗಾಳಿಯಾಡುವ ನೆರಳಿನಲ್ಲಿ ಗೋಣಿಚೀಲದ ಮೇಲೆ ಹರಡುತ್ತೇನೆ. ನಾಲ್ಕರಿಂದ ಆರು ವಾರ ಅವಕ್ಕೆ ನಿದ್ದೆ. ದಿನ ಬಿಟ್ಟು ದಿನ ಕೈಯಾಡಿಸಬೇಕು, ಮೆತ್ತಗಾದದ್ದು ಸಿಕ್ಕರೆ ತೆಗೆದುಬಿಡಬೇಕು. ಜೂನ್‌ನಲ್ಲಿ ಮೊದಲ ಹದ ಮಳೆ ಬಿದ್ದ ಮೇಲೆ ನೆಟ್ಟರೆ ದಸರೆಯ ಹೊತ್ತಿಗೆ ಹಿತ್ತಲು ಘಮಘಮ. ಎರಡು ವರ್ಷಕ್ಕೊಮ್ಮೆ, ತಡೆದರೆ ಮೂರು ವರ್ಷಕ್ಕೊಮ್ಮೆ ಈ ಕೆಲಸ ಮಾಡಿ.

ಪ್ರಶ್ನೆ (ಮಾನ್ವಿ): ನಮ್ಮದು ಕಪ್ಪು ಎರೆ ಮಣ್ಣು. ಸುಗಂಧರಾಜ ಬರುತ್ತದೆಯೇ? ಎರಡು ಸಲ ನೆಟ್ಟೆ, ಎರಡೂ ಸಲ ಮಳೆಗಾಲದಲ್ಲಿ ಕೊಳೆತು ಹೋಯಿತು.

ಉತ್ತರ: 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಮಳೆ ನೆನಪಿದೆಯೇ? ಊರೂರೇ ಮುಳುಗಿದ ಮಳೆ. ಆಗ ನಾವಿದ್ದ ಬಾಡಿಗೆ ಮನೆಯ ಅಂಗಳ ಎರೆ ಮಣ್ಣು. ಅಲ್ಲಿ ನನ್ನ 40 ಗಡ್ಡೆ ಇದ್ದವು. ನೆಲದ ಮಟ್ಟಕ್ಕೇ ನೆಟ್ಟಿದ್ದೆ. ಜನರ ಮನೆಗಳೇ ಹೋದ ವಾರದಲ್ಲಿ ಹೂವಿನ ಗಡ್ಡೆಯ ಚಿಂತೆ ಯಾರಿಗೆ? ಎಂಟು ದಿನ ಆದ ಮೇಲೆ ಹೋಗಿ ಅಗೆದೆ. ಕೊಳೆತ ಈರುಳ್ಳಿಯ ವಾಸನೆ. ಬೆರಳು ಹಾಕಿದರೆ ಗಂಜಿ. ಮೂರೇ ಮೂರು ಉಳಿದಿದ್ದವು. ಅವು ಗೋಡೆ ಪಕ್ಕ, ಮನೆ ಕಟ್ಟಿದಾಗ ಉಳಿದ ಗರಸಿನ ಗುಡ್ಡೆಯ ಮೇಲೆ ಜಾಗ ಸಾಲದೆ ಚುಚ್ಚಿದ ಮೂರು ಗಡ್ಡೆ. ಈಗ ನನ್ನ ಹಿತ್ತಲಲ್ಲಿರುವುದೆಲ್ಲ ಆ ಮೂರರ ವಂಶ.

ಆದ್ದರಿಂದ ಉತ್ತರ: ಎರೆಯ ಮೇಲೆ ಬರುತ್ತದೆ, ಎರೆಯೊಳಗೆ ಬರುವುದಿಲ್ಲ. ನೆಲದಿಂದ ಒಂದು ಗೇಣು ಎತ್ತರಕ್ಕೆ ಮಡಿ ಏರಿಸಿ. ಎರೆ ಎರಡು ಪುಟ್ಟಿ, ಮಸಾರಿ ಮಣ್ಣು ಅಥವಾ ಮರಳು ಎರಡು ಪುಟ್ಟಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪುಟ್ಟಿ. ಅದಕ್ಕೆ ಎರಡು ಬೊಗಸೆ ಬೇವಿನ ಹಿಂಡಿ. ಹಸಿ ಸಗಣಿ ಮಾತ್ರ ಬೇಡ, ಗಡ್ಡೆ ಸುಟ್ಟುಹೋಗುತ್ತದೆ. ಗಡ್ಡೆಯ ತುದಿ ಮೇಲೆ ಮಾಡಿ, ಎರಡು ಇಂಚು ಆಳಕ್ಕೆ, ಒಂದರಿಂದ ಇನ್ನೊಂದಕ್ಕೆ ಹತ್ತು ಇಂಚು ಬಿಟ್ಟು ನೆಡಿ. ಒಂದು ಮೀಟರ್ ಉದ್ದಗಲದ ಮಡಿಗೆ 16 ಗಡ್ಡೆ ಸಾಕು. ನೆಟ್ಟ ದಿನ ಒಮ್ಮೆ ನೀರು ಕೊಡಿ. ಆಮೇಲೆ ಮೊಳಕೆ ಕಾಣುವ ತನಕ ಕೈ ಕಟ್ಟಿಕೊಂಡು ಕೂಡಿ. ಇದು ನಮ್ಮ ಮನೆಯಾಕೆಗೆ ಬಹಳ ಕಷ್ಟದ ಕೆಲಸ. ಗಿಡ ಅಂದರೆ ದಿನಾ ಒಂದು ಚೊಂಬು ಅಂತ ಅವರ ಲೆಕ್ಕ. ನಮ್ಮ ಬಿಸಿಲಿಗೆ ಈ ಗಡ್ಡೆ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ನಿಂತ ನೀರಿಗೆ ಸಾಯುತ್ತದೆ.

ಪ್ರಶ್ನೆ (ಕೊಪ್ಪಳ): ಹಾರದಲ್ಲಿ ಉಳಿದ ಸುಗಂಧರಾಜದ ಕೋಲನ್ನು ಮಣ್ಣಿಗೆ ಚುಚ್ಚಿದರೆ ಚಿಗುರುತ್ತದೆಯೇ?

ಉತ್ತರ: ಇಲ್ಲ. ಗುಲಾಬಿ ಕಡ್ಡಿಯಂತಲ್ಲ ಇದು. ಗಡ್ಡೆ ಬೇಕೇ ಬೇಕು. ನಿಮ್ಮ ಜಿಲ್ಲೆಯ ಮುನಿರಾಬಾದ್‌ನಲ್ಲೇ ತೋಟಗಾರಿಕೆ ಕಾಲೇಜು ಇದೆ, ಒಳ್ಳೆಯ ಗಡ್ಡೆ ಎಲ್ಲಿ ಸಿಗುತ್ತದೆ ಎಂದು ಅಲ್ಲೊಮ್ಮೆ ವಿಚಾರಿಸಿ. ಇಲ್ಲವೇ ನೆಟ್ಟವರ ಮನೆಗೆ ಮೇ ತಿಂಗಳಲ್ಲಿ ಹೋಗಿ ಕೇಳಿ. ಕಿತ್ತವರು ಯಾರೂ ಇಲ್ಲ ಎನ್ನುವುದಿಲ್ಲ, ಅವರಿಗೇ ಇಡಲು ಜಾಗ ಇರುವುದಿಲ್ಲ.

ಪ್ರಶ್ನೆ (ಗಂಗಾವತಿ): ‘ಡಬಲ್’ ಸುಗಂಧರಾಜ, ವಾಸನೆ ಡಬಲ್ ಎಂದು ಹೇಳಿ ಗಡ್ಡೆ ಕೊಟ್ಟರು. ಹೂ ದಪ್ಪ ಇದೆ, ನೋಡಲು ಚಂದ. ಆದರೆ ಪಕ್ಕದ ಮನೆಯ ಸಾದಾ ಹೂವಿನ ಘಮ ಇದಕ್ಕಿಲ್ಲ. ಮೋಸ ಹೋದೆನೇ?

ಉತ್ತರ: ಗಡ್ಡೆಯಲ್ಲಿ ಮೋಸ ಇಲ್ಲ, ಮಾತಿನಲ್ಲಿದೆ. ಡಬಲ್ ಎಂದರೆ ಎಸಳು ಡಬಲ್, ವಾಸನೆ ಅಲ್ಲ. ಒಂದೇ ಸುತ್ತು ಎಸಳಿನ ಸಾದಾ ಹೂವಿಗೇ ಘಮ ಜಾಸ್ತಿ. ಹಾರಕ್ಕೆ, ಅತ್ತರಿಗೆ ಅದೇ. ಎಸಳು ಜಾಸ್ತಿ ಇರುವುದು ಹೂದಾನಿಗೆ ಚಂದ. ಅದರ ಮೊಗ್ಗಿನ ತುದಿಗೆ ನಸುಗೆಂಪು ಬಣ್ಣ ಇರುತ್ತದೆ, ಬಿಸಿಲು ಜಾಸ್ತಿಯಾದರೆ ಎಷ್ಟೋ ಮೊಗ್ಗು ಪೂರ್ತಿ ಅರಳುವುದೇ ಇಲ್ಲ.

ಬೆಂಗಳೂರು ಹತ್ತಿರ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸುಗಂಧರಾಜದಲ್ಲಿ ಹಲವು ತಳಿ ಮಾಡಿದ್ದಾರೆ. ಅರ್ಕಾ ಶೃಂಗಾರ, ಅರ್ಕಾ ಪ್ರಜ್ವಲ್ ಸಾದಾ ಹೂವಿನವು. ಅರ್ಕಾ ಸುವಾಸಿನಿ, ಅರ್ಕಾ ವೈಭವ್ ಎಸಳು ಜಾಸ್ತಿ ಇರುವವು. ಹೆಸರು ಸುವಾಸಿನಿ ಅಂತ ಇದ್ದರೂ ಘಮ ಬೇಕಾದವರಿಗೆ ನನ್ನ ಶಿಫಾರಸು ಪ್ರಜ್ವಲ್. ಹೂ ತೂಕವಾಗಿರುತ್ತದೆ, ಹಾರ ಕಟ್ಟುವವರಿಗೂ ಇಷ್ಟ. ಎಲೆಯಲ್ಲಿ ಬೆಳ್ಳಿ ಗೆರೆ, ಬಂಗಾರದ ಗೆರೆ ಇರುವ ರಜತ ರೇಖಾ, ಸ್ವರ್ಣ ರೇಖಾ ಎಂಬ ತಳಿಗಳೂ ಇವೆ. ಅವು ಲಖನೌದ ಸಂಶೋಧಕರದ್ದು. ಚಿನ್ನದ ಗಣಿಯವನಿಗೆ ಸ್ವರ್ಣ ರೇಖಾ ಬೇಕೇ ಬೇಕು ಎಂದು ಗೆಳೆಯರು ಛೇಡಿಸುತ್ತಾರೆ. ನನ್ನ ಹತ್ತಿರ ಇಲ್ಲ. ಗೆರೆ ಹುಡುಕಿ ಹುಡುಕಿ ಸಾಕಾಗಿದೆ.

ಪ್ರಶ್ನೆ (ದೇವದುರ್ಗ): ಸುಗಂಧರಾಜಕ್ಕೆ ಹಾವು ಬರುತ್ತದೆ, ಮನೆ ಹತ್ತಿರ ಹಾಕಬಾರದು ಎಂದು ಅತ್ತೆ ಹೇಳುತ್ತಾರೆ. ನಿಜವೇ?

ಉತ್ತರ: ಹಾವಿಗೆ ಬೇಕಾದದ್ದು ಇಲಿ, ಕಪ್ಪೆ ಮತ್ತು ತಂಪು ಜಾಗ. ಹೂವಲ್ಲ. ಕೇದಗೆ, ಸಂಪಿಗೆಗೂ ಇದೇ ಮಾತು ಹೇಳುತ್ತಾರೆ. ಆದರೆ ಅತ್ತೆಯ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ವರ್ಷಗಟ್ಟಲೆ ಕೀಳದೆ ಬಿಟ್ಟ ಪೊದೆ, ಬುಡದಲ್ಲಿ ಒಣ ಎಲೆ, ಪಕ್ಕದಲ್ಲಿ ಸೋರುವ ನಲ್ಲಿ ಇದ್ದರೆ ಕಪ್ಪೆ ಬಂದೇ ಬರುತ್ತದೆ, ಅದರ ಹಿಂದೆ ಇನ್ನೊಂದೂ ಬರಬಹುದು. ಬುಡ ಸ್ವಚ್ಛ ಇಡಿ. ಕತ್ತಲಲ್ಲಿ ಹೂ ಕೀಳಲು ಹೋಗುವಾಗ ಬ್ಯಾಟರಿ ಹಿಡಿಯಿರಿ. ಮಲಗುವ ಕೋಣೆಯ ಕಿಟಕಿಗೆ ತೀರಾ ಹತ್ತಿರ ಬೇಡ ಎಂದು ನಾನೂ ಹೇಳುತ್ತೇನೆ, ಕಾರಣ ಬೇರೆ. ಮುಚ್ಚಿದ ಕೋಣೆಯಲ್ಲಿ ಈ ವಾಸನೆಗೆ ಕೆಲವರಿಗೆ ತಲೆ ಹಿಡಿಯುತ್ತದೆ.

ಪ್ರಶ್ನೆ (ಕುಷ್ಟಗಿ): ನಮ್ಮ ಬೋರ್‌ವೆಲ್ ನೀರು ಸವಳು. ಎಲೆಯ ತುದಿ ಸುಟ್ಟ ಹಾಗೆ ಕಂದಾಗಿದೆ. ಏನು ಔಷಧಿ ಹೊಡೆಯಲಿ?

ಉತ್ತರ: ಔಷಧಿ ಬೇಡ, ದುಡ್ಡು ಉಳಿಸಿ. ಉಪ್ಪು ಮಣ್ಣಲ್ಲಿ ಸೇರಿ ಸೇರಿ ತುದಿ ಸುಡುತ್ತಿದೆ. ದಿನಾ ಸ್ವಲ್ಪ ಸ್ವಲ್ಪ ನೀರು ಚಿಮುಕಿಸುವುದೇ ಇದಕ್ಕೆ ಕಾರಣ. ನೀರು ಆರಿ ಹೋಗುತ್ತದೆ, ಉಪ್ಪು ಮೇಲೇ ಉಳಿಯುತ್ತದೆ. ಅದರ ಬದಲು ವಾರಕ್ಕೊಮ್ಮೆ, ಬಿರುಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ನೀರು ಬುಡದಿಂದ ಕೆಳಗೆ ಇಳಿದು ಹೋಗುವ ಹಾಗೆ ತುಂಬ ಕೊಡಿ. ಮಡಿ ಎತ್ತರ ಇದ್ದರೆ ಮಾತ್ರ ಇದು ನಡೆಯುತ್ತದೆ. ಮೇಲೆ ಶೇಂಗಾ ಹೊಟ್ಟೋ ತೊಗರಿ ಹೊಟ್ಟೋ ಮೂರು ಬೆರಳು ದಪ್ಪ ಹಾಸಿ, ತೇವ ಬೇಗ ಆರುವುದಿಲ್ಲ. ಮಳೆ ನೀರು ಒಂದು ಡ್ರಮ್ ಹಿಡಿದಿಟ್ಟರೆ ಇನ್ನೂ ಒಳ್ಳೆಯದು. ಅಕ್ಕಿ, ಬೇಳೆ ತೊಳೆದ ನೀರು ಹಾಕಬಹುದು. ಬಟ್ಟೆ ತೊಳೆದ ಸೋಪಿನ ನೀರು ಹಾಕಬೇಡಿ.

ಪ್ರಶ್ನೆ (ಬಳ್ಳಾರಿ): ಹೂಗೋಲು ಸೊಟ್ಟಗೆ ಬರುತ್ತಿದೆ, ಮೊಗ್ಗು ಕಂದಾಗಿ ಉದುರುತ್ತಿದೆ. ಕೆಲವು ಗಿಡ ಬುಡದಲ್ಲೇ ಕೊಳೆತು ಬೀಳುತ್ತಿವೆ. ಎರಡೂ ಒಂದೇ ರೋಗವೇ?

ಉತ್ತರ: ಎರಡು ಬೇರೆ. ಒಂದು ಮೊಗ್ಗು ಬಿಡಿಸಿ ಬಿಳಿ ಹಾಳೆಯ ಮೇಲೆ ಕೊಡವಿ. ದಾರದ ಚೂರಿನಂಥ ಸಣ್ಣ ಹುಳು ಓಡಾಡಿದರೆ ಅದು ಥ್ರಿಪ್ಸ್. ಮೆಣಸಿನಕಾಯಿ ಬೆಳೆಯುವ ನಿಮಗೆ ಅದರ ಪರಿಚಯ ಮಾಡಿಸಬೇಕಿಲ್ಲ. ಒಂದು ಲೀಟರ್ ನೀರಿಗೆ ಐದು ಎಂಎಲ್ ಬೇವಿನೆಣ್ಣೆ, ಬೆರೆಯಲು ಚಿಟಿಕೆ ಸೋಪು ಹಾಕಿ ಸಂಜೆ ಹೊತ್ತು ಸಿಂಪಡಿಸಿ. ಮಧ್ಯಾಹ್ನ ಬೇಡ, ಎಲೆ ಬೇಯುತ್ತದೆ. ಕೋಲು ಚಿಕ್ಕದಿದ್ದಾಗಲೇ ಶುರು ಮಾಡಬೇಕು. ಸೊಟ್ಟಗಾದ ಕೋಲು ಮತ್ತೆ ನೇರ ಆಗುವುದಿಲ್ಲ.

ಬುಡ ಕೊಳೆಯುವುದನ್ನು ಬಾಗಿ ನೋಡಿ. ಮಣ್ಣಿನ ಮಟ್ಟದಲ್ಲಿ ಹತ್ತಿಯಂಥ ಬಿಳಿ ಎಳೆ, ಅದರಲ್ಲಿ ಸಾಸಿವೆಯಂಥ ಕಂದು ಕಾಳು ಕಂಡರೆ ಅದು ಶಿಲೀಂಧ್ರ. ಆ ಗಿಡವನ್ನು ಸುತ್ತಲ ಮಣ್ಣಿನ ಸಮೇತ ತೆಗೆದು ದೂರ ಹಾಕಿ. ತಿಪ್ಪೆಗೆ ಹಾಕಿದರೆ ಮುಂದಿನ ವರ್ಷ ಗೊಬ್ಬರದ ಜೊತೆ ವಾಪಸ್ ಬರುತ್ತದೆ. ನಾನು ಒಮ್ಮೆ ಹಾಗೆ ಮಾಡಿ ಎರಡು ಮಡಿ ಕಳೆದುಕೊಂಡೆ. ಕಿತ್ತಾಗ ಬೇರಿನಲ್ಲಿ ಗಂಟು ಗಂಟು ಕಂಡರೆ ಅದು ಮೂರನೆಯ ಕಾಟ, ಜಂತುಹುಳು. ಆ ಜಾಗದಲ್ಲಿ ಒಂದು ವರ್ಷ ಚೆಂಡು ಹೂ ಹಾಕಿ, ಗಡ್ಡೆಗಳನ್ನು ಬೇರೆ ಕಡೆ ನೆಡಿ.

ಪ್ರಶ್ನೆ (ಸಿರುಗುಪ್ಪ): ಮಲ್ಲಿಗೆ ಹಾಕಲೋ, ಸುಗಂಧರಾಜ ಹಾಕಲೋ? ಇರುವುದು ಒಂದೇ ಮಡಿಯಷ್ಟು ಜಾಗ.

ಉತ್ತರ: ದಿನಾ ಬೆಳಿಗ್ಗೆ ಬಾಗಿ ಮೊಗ್ಗು ಬಿಡಿಸುವ ಸೊಂಟ ಇದ್ದರೆ ಮಲ್ಲಿಗೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಆ ಊರು 2021ರ ತನಕ ನಿಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು, ಈಗ ವಿಜಯನಗರಕ್ಕೆ ಸೇರಿದೆ. ಬೇಲಿ ಪಕ್ಕ ಒಂದು ಬಳ್ಳಿ ಹಬ್ಬಿಸಿ, ಮಡಿಯಲ್ಲಿ ಗಡ್ಡೆ ನೆಡಿ. ಜಗಳ ಮುಗಿಯಿತು.

ಪ್ರಶ್ನೆ (ಕೊಪ್ಪಳ, ಇನ್ನೊಬ್ಬರು): ಬಾಲ್ಕನಿಯಲ್ಲಿ ಕುಂಡದಲ್ಲಿ ಬೆಳೆಯಬಹುದೇ?

ಉತ್ತರ: ಬಹುದು. ಹನ್ನೆರಡು ಇಂಚಿನ ಕುಂಡಕ್ಕೆ ಮೂರು ಗಡ್ಡೆ, ತಳದಲ್ಲಿ ತೂತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಿಸಿಲು ಬೀಳುವ ಪೂರ್ವದ ಬಾಲ್ಕನಿ ಒಳ್ಳೆಯದು. ಪಶ್ಚಿಮದ್ದಾದರೆ ಬೇಸಿಗೆಯಲ್ಲಿ ಕುಂಡವೇ ಒಲೆಯಾಗುತ್ತದೆ. ಕೋಲು ಮೂರಡಿ ಬೆಳೆದು ಗಾಳಿಗೆ ಬಾಗುತ್ತದೆ, ಒಂದು ಹತ್ತಿಕಟ್ಟಿಗೆ ಚುಚ್ಚಿ ಸಡಿಲವಾಗಿ ಕಟ್ಟಿ.

ಪ್ರಶ್ನೆ (ರಾಯಚೂರು): ಹಗಲು ಮೂಗು ಹತ್ತಿರ ಹಿಡಿದರೂ ಅಷ್ಟಕ್ಕಷ್ಟೇ. ರಾತ್ರಿ ಮಾತ್ರ ಮನೆ ತುಂಬ ಘಮ. ಯಾಕೆ ಹೀಗೆ? ಹೂದಾನಿಗೆ ಯಾವಾಗ ಕೊಯ್ಯಬೇಕು?

ಉತ್ತರ: ಈ ಹೂವಿನ ನೆಂಟರು ರಾತ್ರಿ ಹಾರುವ ಪತಂಗಗಳು. ಕತ್ತಲಲ್ಲಿ ಗಾಢ ಬಣ್ಣ ಎದ್ದು ಕಾಣುವುದಿಲ್ಲ. ಅದಕ್ಕೇ ಬಿಳಿ ಬಣ್ಣ, ಉದ್ದ ಕೊಳವೆ, ದೂರದಿಂದಲೇ ಕರೆಯುವ ವಾಸನೆ. ಹಿಂದಿಯವರು ರಜನೀಗಂಧ ಎನ್ನುವುದು ಸುಮ್ನೆ ಅಲ್ಲ. ಸಂಜೆ ಬ್ಯಾಟರಿ ಆರಿಸಿ ಹತ್ತು ನಿಮಿಷ ಸುಮ್ಮನೆ ಕೂಡಿ, ಗುಬ್ಬಚ್ಚಿಯ ಅರ್ಧ ಗಾತ್ರದ ಒಂದು ಪತಂಗ ಗುಂಯ್ ಎಂದು ಬಂದು, ಕೂರದೆ ಗಾಳಿಯಲ್ಲೇ ನಿಂತು, ಹೂವೊಳಗೆ ಉದ್ದ ಸೊಂಡಿಲು ಇಳಿಸುವುದು ಕಂಡರೂ ಕಾಣಬಹುದು.

ಕೊಯ್ಯುವುದು ಸೂರ್ಯ ಹುಟ್ಟುವ ಮುಂಚೆ, ಕೆಳಗಿನ ಎರಡು ಮೂರು ಹೂ ಅರಳಿದಾಗ. ಹೂ ಕೆಳಗಿನಿಂದ ಮೇಲಕ್ಕೆ ಅರಳುತ್ತ ಹೋಗುತ್ತದೆ. ಚೂಪು ಚಾಕುವಿನಿಂದ ಓರೆಯಾಗಿ ಕತ್ತರಿಸಿ, ಕೂಡಲೇ ನೀರಿಗಿಡಿ. ದಿನಾ ನೀರು ಬದಲಿಸಿ, ಎರಡು ದಿನಕ್ಕೊಮ್ಮೆ ಬುಡ ಅರ್ಧ ಇಂಚು ಕತ್ತರಿಸಿ. ಬಾಡಿದ ಕೆಳಗಿನ ಹೂ ಕಿತ್ತರೆ ಮೇಲಿನ ಮೊಗ್ಗಿಗೆ ಅನುಕೂಲ. ಒಂದು ವಾರ ಬರುತ್ತದೆ.

ನಾನು ಇದನ್ನು ಬೆಳೆಸಲು ಶುರು ಮಾಡಿದ್ದೇ ಆ ರಾತ್ರಿ ವಾಸನೆಯಿಂದ. ಹಟ್ಟಿಯಲ್ಲಿ ರಾತ್ರಿ ಪಾಳಿ ಮುಗಿಸಿ ಮೇಲೆ ಬಂದರೆ ಮೂಗಿನ ತುಂಬ ಮದ್ದಿನ ಹೊಗೆ, ಒದ್ದೆ ಕಲ್ಲಿನ ಧೂಳು. ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಯಾರದೋ ಕ್ವಾರ್ಟರ್ಸ್‌ ಮುಂದೆ ನಾಲ್ಕು ಕೋಲು ಸುಗಂಧರಾಜ ಇತ್ತು. ಕತ್ತಲಲ್ಲಿ ಗಿಡ ಕಾಣುತ್ತಿರಲಿಲ್ಲ. ಅಲ್ಲಿಗೆ ಬಂದ ಕೂಡಲೇ ಸೈಕಲ್ ತಾನಾಗಿ ನಿಧಾನ ಆಗುತ್ತಿತ್ತು. ಒಂದು ದಿನ ಆ ಮನೆಯ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ದಿನಾ ಇಲ್ಲಿ ಬ್ರೇಕ್ ಹಾಕುವುದು ಯಾಕೆ ಎಂದು ಗದರಿದರು. ಹೇಳಿದೆ. ಒಳಗೆ ಹೋಗಿ, ಹರಿದ ಸಿಮೆಂಟ್ ಚೀಲದ ತುಂಡಿನಲ್ಲಿ ಐದು ಗಡ್ಡೆ ಕಟ್ಟಿ ತಂದು, ‘ನಿಮ್ಮ ಮನೆ ಮುಂದೆ ಬ್ರೇಕ್ ಹಾಕು’ ಅಂದರು.

ಈಗ ಪ್ರತಿ ಮಡಿಯಲ್ಲಿ ಎಲ್ಲ ಕೋಲು ಕೊಯ್ದರೂ ಬಚ್ಚಲ ಪಕ್ಕದ ಒಂದನ್ನು ನಮ್ಮ ಮನೆಯಾಕೆ ಕೊಯ್ಯಲು ಬಿಡುವುದಿಲ್ಲ. ಅದು ಪತಂಗಕ್ಕಂತೆ.